ಹಲ್ಲು ಹೇಳಿದ 12 ಲಕ್ಷ ವರ್ಷ

ಯಾದಗಿರಿಯಲ್ಲಿ ರೈಲಿಳಿದು ಭೀಮಾ ನದಿ ದಾಟಿದರೆ ಶಹಾಪುರದ ದಾರಿ. ಬುದ್ಧ ಮಲಗಿದಂತೆ ಕಾಣುವ ಅಲ್ಲಿನ ಬೆಟ್ಟ ಪ್ರವಾಸಿಗರನ್ನು ತಡೆದು ನಿಲ್ಲಿಸುತ್ತದೆ. ಮುಂದೆ ನಾಯಕ ಅರಸರ ಸುರಪುರ. ಗುಡ್ಡದ ಮೇಲೆ ಟೇಲರ್ ಮಂಜಿಲ್. ಬಹುಮಂದಿಯ ಪ್ರವಾಸ ಇಲ್ಲಿಗೇ ಮುಗಿಯುತ್ತದೆ. ಇನ್ನಷ್ಟು ದೂರ, ಹುಣಸಗಿ ಕಣಿವೆಗೆ ಹೋದರೆ ಕಾಲವೇ ಬೇರೆ.

ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಗಟ್ಟಿ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಇಲ್ಲಿ ಉತ್ಖನನ ನಡೆಸಿದಾಗ ಕಲ್ಲಾಯುಧಗಳ ಜೊತೆ ಪ್ರಾಣಿಗಳ ಹಲ್ಲುಗಳೂ ಸಿಕ್ಕವು. ಅವುಗಳ ವಯಸ್ಸು ತಿಳಿಯುವುದು ಹೇಗೆ?

ಮಣ್ಣಿನ ಸಹಜ ವಿಕಿರಣ ತಾಗಿ ಹಲ್ಲಿನ ಎನಾಮಲ್‌ನಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತವೆ. ಕಾಲ ಕಳೆದಂತೆ ಹೆಚ್ಚುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರೆ ಅವುಗಳ ಲೆಕ್ಕ ಸಿಗುತ್ತದೆ. ಇದಕ್ಕೆ ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂದು ಹೆಸರು. ಹೈಡ್ರೋಜನ್ ಇಂಧನಕೋಶದೊಳಗಿನ ಪೊರೆ ಹೇಗೆ ಹಾಳಾಗುತ್ತದೆಂದು ತಿಳಿಯಲು ವಿಜ್ಞಾನಿಗಳು ಬಳಸುವುದೂ ಇದೇ ವಿದ್ಯೆಯನ್ನು. ಇಸಾಂಪುರದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು: ಸುಮಾರು 12 ಲಕ್ಷ ವರ್ಷ!

ಆದರೆ ಹಲ್ಲೊಂದೇ ಸಾಲದು. ಅದು ಹೂತಿದ್ದ ಮಣ್ಣು ವರ್ಷಕ್ಕೆ ಎಷ್ಟು ವಿಕಿರಣ ಸೂಸುತ್ತದೆಂಬುದೂ ಗೊತ್ತಿರಬೇಕು. ಆಗಲೇ ಭಾಗಾಕಾರ ಮಾಡಿ ವಯಸ್ಸು ಹೇಳಲು ಸಾಧ್ಯ. ನಾರಾಯಣಪುರ ಜಲಾಶಯದ ಕಾಲುವೆ ಬಂದ ಮೇಲೆ ಈ ಸೀಮೆಯ ಏರುತಗ್ಗಿನ ಹೊಲಗಳು ಸಮತಟ್ಟಾಗಿ ಭತ್ತದ ಗದ್ದೆಗಳಾಗಿವೆ. ಬರಗಾಲ ಕಂಡ ರೈತನಿಗೆ ನೀರು ಬೇಕೇ ಬೇಕು. ಆದರೆ ಮಣ್ಣು ಕದಲಿದ ಜಾಗದಲ್ಲಿ ಹಲ್ಲು ಸಿಕ್ಕರೂ ಅದರ ವಯಸ್ಸು ಹೇಳುವುದು ಕಷ್ಟ. ಉಳಿದಿರುವ ನೆಲೆಗಳನ್ನಾದರೂ ಗುರುತಿಸಿ, ಬೇಲಿ ಹಾಕಿ ಕಾಯಬೇಕು. ನೀವು ಹೋದಾಗ ಚೆಂದದ ಕಲ್ಲೊಂದು ಕಂಡರೆ ನೋಡಿ ಸಂತೋಷಪಡಿ. ಇದ್ದಲ್ಲೇ ಬಿಟ್ಟು ಬನ್ನಿ.