ಹನಿ ಬಿದ್ದಲ್ಲಿ ತೂತಿಲ್ಲ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಸೋರುವ ಮಾಡು ಹೊಸತಲ್ಲ. ಬೇಸಿಗೆಯಲ್ಲೇ ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿ, ಜಗಲಿಗೆ ಜಡಿತಟ್ಟಿ ಕಟ್ಟಿ, ಇನ್ನು ಚಿಂತೆಯಿಲ್ಲವೆಂದು ಕುಳಿತ ಮೇಲೂ ಆರಿದ್ರಾ ಮಳೆಯ ಮೊದಲ ರಾತ್ರಿಯೇ ನಡುಮನೆಯಲ್ಲಿ ಟಪ್ ಟಪ್ ಎಂಬ ಸದ್ದು ಕೇಳಿಸುವುದುಂಟು. ನನ್ನ ತಾಯಿ ಮರುಮಾತಿಲ್ಲದೆ ಹಿತ್ತಾಳೆಯ ಚರಿಗೆಯೊಂದನ್ನು ತಂದು ಅಡಿಯಲ್ಲಿ ಇಡುತ್ತಿದ್ದರು. ಆದರೆ ಸೋರುವ ಮೋಟಾರು ವಾಹನದೊಳಗೆ ಪಾತ್ರೆ ಇಡುವ ಪ್ರಸಂಗ ನನಗೆ ಒದಗಿದ್ದು 2023ರ ಅಕ್ಟೋಬರಿನಲ್ಲಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಇಂಗ್ಲೆಂಡಿನಲ್ಲಿ. ಈ ಕಥೆಯನ್ನು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಏಕೆ ತಡವಾಯಿತೆಂಬುದು ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ನನ್ನ ಮಗ ಇಂಗ್ಲೆಂಡಿನ ವಾಯವ್ಯದ ಕಂಬ್ರಿಯಾದಲ್ಲಿ ಪಶುವೈದ್ಯನಾಗಿದ್ದಾನೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಕವಿ ವರ್ಡ್ಸ್‌ವರ್ತ್ ಬಾಳಿದ ಸರೋವರಗಳ ನಾಡು ಅದು. ನೋಡಲು ರಮಣೀಯ, ಆದರೆ ಕೊಡೆ ಮಡಿಸುವಂತಿಲ್ಲ. ಅಲ್ಲಿನ ಬಾರೋಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಎಂಬ ಪುಟ್ಟ ಹಳ್ಳಿಯಿದೆ. ಜನವಸತಿಯಿರುವ ಊರುಗಳ ಪೈಕಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿಯೇ; ವರ್ಷಕ್ಕೆ 3,000 ಮಿ.ಮೀ.ಗೂ ಮಿಗಿಲು. ನಮ್ಮ ಆಗುಂಬೆಯ 7,000 ಮಿ.ಮೀ.ಗೂ ಮೀರಿದ ಮಳೆಯ ಮುಂದೆ ಇದೇನು ಮಹಾ ಎಂದು ನಾನು ಮೊದಲ ದಿನ ಬೀಗಿದೆ. ನಮ್ಮ ಮಳೆ ನಾಲ್ಕು ತಿಂಗಳು ಅಬ್ಬರಿಸಿ ಹೊರಟುಹೋಗುತ್ತದೆ. ಅವರ ಮಳೆ ವರ್ಷವಿಡೀ ನೆಂಟನಂತೆ ಬಂದು ಹೋಗಿ ಮಾಡುತ್ತಿರುತ್ತದೆ. ವಸ್ತುಗಳು ಒಣಗಲು ಬಿಡುವೇ ಇಲ್ಲ. ಹಳೆಯ ವಾಹನಕ್ಕೆ ಅಬ್ಬರದ ಮಳೆಗಿಂತ ಈ ಬಿಡುವಿಲ್ಲದ ತೇವವೇ ದೊಡ್ಡ ಶತ್ರು.

ಮಗನ ಬಳಿ ಇದ್ದದ್ದು 1997ರಲ್ಲಿ ತಯಾರಾದ ಲ್ಯಾಂಡ್ ರೋವರ್ ಡಿಫೆಂಡರ್. ಕುರಿ ಸಾಕುವವರ ಮನೆಗಳು ಗುಡ್ಡದ ಮೇಲಿರುವುದರಿಂದ ಅವನಿಗೆ ಅಂಥ ಗಾಡಿಯೇ ಬೇಕು. ಈ ವಾಹನದ ವಂಶ 1948ರಲ್ಲಿ ಆರಂಭವಾದದ್ದು. ಯುದ್ಧಾನಂತರ ಬ್ರಿಟನ್ನಿನಲ್ಲಿ ಉಕ್ಕಿನ ಅಭಾವವಿದ್ದುದರಿಂದ ಮೈಗೆ ಅಲ್ಯೂಮಿನಿಯಮ್ ಮಿಶ್ರಲೋಹದ ತಗಡು ಬಳಸಿದರು. ಆದರೆ ಎಂಜಿನ್ನಿಗೂ ಕುಳಿತುಕೊಳ್ಳುವ ಜಾಗಕ್ಕೂ ನಡುವಿನ ಗೋಡೆಯನ್ನು, ಬಲ್ಕ್‌ಹೆಡ್ ಎನ್ನುತ್ತಾರೆ, ಉಕ್ಕಿನಲ್ಲೇ ಮಾಡಿದರು. ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಹಿಡಿಯದು, ಉಕ್ಕಿಗೆ ಹಿಡಿಯುತ್ತದೆ. ಎರಡೂ ಒಂದಕ್ಕೊಂದು ತಾಗಿರುವ ಕಡೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ವಿದ್ಯುತ್ಕೋಶವಾಗಿ ಅಲ್ಯೂಮಿನಿಯಮ್ ಬಿಳಿ ಪುಡಿಯಾಗಿ ಸವೆಯುತ್ತದೆ. ಚಳಿಗಾಲದಲ್ಲಿ ಹಿಮ ಕರಗಲೆಂದು ಅಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಹತ್ತನೆಯ ತರಗತಿಯಲ್ಲಿ ನಾನು ಹೇಳಿಕೊಟ್ಟ ಪಾಠ ಇಲ್ಲಿ ಗಾಡಿಯ ಮೈಮೇಲೇ ಕಾಣುತ್ತಿತ್ತು.

ಆ ಉಕ್ಕಿನ ಗೋಡೆಯ ಮೇಲ್ಭಾಗದಲ್ಲಿ, ಮುಂದಿನ ಗಾಜಿನ ಚೌಕಟ್ಟಿನ ಕೆಳಗೆ, ಎರಡು ಉದ್ದನೆಯ ಆಯತಾಕಾರದ ಮುಚ್ಚಳಗಳಿವೆ. ಡ್ಯಾಶ್‌ಬೋರ್ಡಿನ ಮೇಲಿನ ಸನ್ನೆಯನ್ನು ಸರಿಸಿದರೆ ಮುಚ್ಚಳ ಹೊರಕ್ಕೆ ತೆರೆದುಕೊಂಡು, ಹುಳುಹುಪ್ಪಟೆ ಬಾರದಂತೆ ಹಾಕಿದ ಬಲೆಯ ಮೂಲಕ ಹೊರಗಿನ ಗಾಳಿ ನೇರವಾಗಿ ಒಳಗೆ ಬರುತ್ತದೆ. ಫ್ಯಾನಿಲ್ಲ, ಮೋಟಾರಿಲ್ಲ, ಗಾಡಿ ಓಡಿದರೆ ಗಾಳಿ. ನಮ್ಮ ಹಳೆಯ ಮನೆಗಳ ಗವಾಕ್ಷಿಯ ಹಾಗೆ. 2007ರ ಮಾದರಿಯಿಂದ ಈ ಮುಚ್ಚಳಗಳನ್ನು ಕೈಬಿಟ್ಟರು. ತಗಡಿನ ಮೇಲೆ ಅವುಗಳ ಆಕಾರದ ಗುರುತು ಮಾತ್ರ ಉಳಿಯಿತು. 2016ರ ಜನವರಿ 29ರಂದು ಆ ಹಳೆಯ ವಂಶದ ಕೊನೆಯ ಗಾಡಿ ಕಾರ್ಖಾನೆಯಿಂದ ಹೊರಬಂತು.

ಮಗ ನಮ್ಮನ್ನು ಮೊದಲ ಬಾರಿಗೆ ಸುತ್ತಾಡಿಸಲು ಕರೆದೊಯ್ದ ದಿನ ನಾನು ಅವನ ಎಡಗಡೆ ಕುಳಿತಿದ್ದೆ. ಹೆದ್ದಾರಿಗೆ ಬಂದು ವೇಗ ಹೆಚ್ಚಿದ ಕೂಡಲೇ ನನ್ನ ಬಲಗಾಲಿನ ಕಾಲುಚೀಲದ ಮೇಲೆ ತಣ್ಣನೆಯ ಹನಿ ಬಿತ್ತು. ಮತ್ತೊಂದು. ಮಗುದೊಂದು. ಹಿಂದೆ ಕುಳಿತ ನಮ್ಮವಳು ಬುತ್ತಿಯ ಡಬ್ಬಿಯ ಮುಚ್ಚಳ ತೆಗೆದು ಮುಂದಕ್ಕೆ ಚಾಚಿದಳು. ಮಗ ನಗಲಿಲ್ಲ. ಹಿಂದಿನ ವರ್ಷವೇ ಮುಚ್ಚಳದ ರಬ್ಬರು ಬದಲಿಸಿದ್ದೇನೆ, ಆದರೂ ಸೋರುತ್ತಿದೆ ಎಂದ. ಗಾಡಿಯ ವಾರ್ಷಿಕ ತಪಾಸಣೆಗೆ ಐದು ವಾರ ಉಳಿದಿತ್ತು. ಆಸನಪಟ್ಟಿ, ಬ್ರೇಕು ಮೊದಲಾದವನ್ನು ಬಿಗಿದ ಜಾಗದಿಂದ 30 ಸೆಂ.ಮೀ. ಒಳಗೆ ಲೋಹದ ಬಲ ಕುಂದುವಷ್ಟು ತುಕ್ಕು ಇದ್ದರೆ ಅಲ್ಲಿ ಗಾಡಿ ಅನುತ್ತೀರ್ಣ. ಸೋರಿದ ನೀರು ನೆಲಹಾಸಿನ ಅಡಿಯಲ್ಲಿ ನಿಂತು ಪಾದದ ಬಳಿಯ ತಗಡನ್ನು ಒಳಗಿನಿಂದಲೇ ತಿನ್ನುತ್ತಿತ್ತು. ಈ ಸಲ ಸರಿಯಾಗದಿದ್ದರೆ ಮಾರಿಬಿಡುತ್ತೇನೆ ಎಂದ. ಅವನ ದನಿಯಲ್ಲಿ ಇದ್ದದ್ದು ಬೇಸರವಲ್ಲ, ನೋವು.

ಮೇಷ್ಟ್ರ ಜಾತಿ ಸುಮ್ಮನಿರದು. ಮರುದಿನ ಬೆಳಿಗ್ಗೆಯೇ ನಾನು ತೀರ್ಪು ಕೊಟ್ಟೆ: ಮುಚ್ಚಳದ ಬಳಿ ಹನಿ ಬೀಳುತ್ತಿದೆ, ಆದ್ದರಿಂದ ಮುಚ್ಚಳವೇ ಸೋರುತ್ತಿದೆ, ನೀನು ಹಾಕಿದ ರಬ್ಬರು ಸರಿಯಿಲ್ಲ. ಮಗ ವಾದಿಸಲಿಲ್ಲ. ಮೊಮ್ಮಗಳ ಪುಟ್ಟ ಹಲಗೆಯ ಪಕ್ಕದಿಂದ ಒಂದು ಸೀಮೆಸುಣ್ಣ ತಂದೆ. ರಬ್ಬರಿನ ಸುತ್ತಲೂ ಅದನ್ನು ತಿಕ್ಕಿ, ಮುಚ್ಚಳವನ್ನು ಮುಚ್ಚಿ ತೆರೆದರೆ, ರಬ್ಬರು ತಾಗಿದ ಕಡೆಯಲ್ಲೆಲ್ಲ ಮುಚ್ಚಳದ ಒಳಮೈಗೆ ಬಿಳಿ ಗೆರೆ ಮೂಡಬೇಕು. ಮೂಡಿತು, ಆದರೆ ಕೆಳಗಿನ ಎಡಮೂಲೆಯಲ್ಲಿ ಎರಡು ಅಂಗುಲ ಗೆರೆಯೇ ಇರಲಿಲ್ಲ. ಅಲ್ಲೊಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆದರೆ ತಡೆಯಿಲ್ಲದೆ ಹೊರಬಂತು. ಉಳಿದೆಡೆ ಕಾಗದ ಹರಿಯುವಷ್ಟು ಬಿಗಿ. ನೋಡಿದೆಯಾ ಎಂಬಂತೆ ಮಗನತ್ತ ನೋಡಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದ ಕೈಗೆ ಇಂಥ ಸಾರ್ಥಕ್ಯ ಅಪರೂಪ.

ಎರಡು ದಿನ ಅಪ್ಪ ಮಗ ಸೇರಿ ದುಡಿದೆವು. ಹಳೆಯ ರಬ್ಬರನ್ನು ಕಿತ್ತು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಅಂಚಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು ಒಣಗಿಸಿದೆವು. ರಬ್ಬರು ಎಷ್ಟು ದಪ್ಪವಾದರೆ ಅಷ್ಟು ಒಳ್ಳೆಯದೆಂಬುದು ತಪ್ಪು ಎಣಿಕೆ. ಬಿಜಾಗರಿಯ ಬದಿಯಲ್ಲಿ ರಬ್ಬರು ದಪ್ಪವಿದ್ದರೆ ಅದೇ ಮುಚ್ಚಳಕ್ಕೆ ಅಡ್ಡ ನಿಂತು, ಎದುರು ಅಂಚು ಕೂಡದೆ ಬಾಯಿ ಬಿಡುತ್ತದೆ. ಆದ್ದರಿಂದ ಮೆದುವಾದ ಸ್ಪಂಜಿನ ರಬ್ಬರನ್ನು ಹಾಕಿ, ಅದರ ಎರಡು ತುದಿಗಳು ಕೂಡುವ ಜಾಗ ಕೆಳಗಿನ ಅಂಚಿನಲ್ಲಿ ಬರುವಂತೆ ನೋಡಿಕೊಂಡೆವು. ಮೇಲಿದ್ದರೆ ಇಳಿದು ಬರುವ ನೀರಿಗೆ ದಾರಿಯಾಗುತ್ತದೆ. ಸನ್ನೆಯ ಕೊಂಡಿಯನ್ನು ಹೊಂದಿಸಿ ಎರಡೂ ಮೂಲೆಗಳು ಒಂದೇ ಸಮನೆ ಎಳೆಯುವಂತೆ ಮಾಡಿದೆವು. ಅಂಟು ಹಿಡಿಯಲೆಂದು ಒಂದು ಹಗಲು ರಾತ್ರಿ ಬಿಟ್ಟು ಸೀಮೆಸುಣ್ಣದ ಪರೀಕ್ಷೆ ಮಾಡಿದರೆ ನಾಲ್ಕು ಬದಿಗೂ ಅಖಂಡ ಗೆರೆ. ಅಂದು ರಾತ್ರಿ ಊಟದಲ್ಲಿ ನನ್ನ ಮಾತು ಸ್ವಲ್ಪ ಹೆಚ್ಚೇ ಆಯಿತೆಂದು ನಮ್ಮವಳು ಈಗಲೂ ಹೇಳುತ್ತಾಳೆ.

ಮೂರನೆಯ ದಿನ ಮಳೆ ಬಂತು. ಹೆದ್ದಾರಿ ಸೇರಿದೆವು. ಅದೇ ಕಾಲುಚೀಲ, ಅದೇ ಜಾಗ, ಅದೇ ಹನಿ.

ನಾನು ಮೌನವಾದೆ. ಮಗ ಮನೆಗೆ ಬಂದವನೇ ಅಗಲವಾದ ಅಂಟುಪಟ್ಟಿ ತಂದು ಮುಚ್ಚಳದ ಸುತ್ತಲೂ ಪೂರ್ತಿ ಮುಚ್ಚಿದ. ಆಮೇಲೆ ನೀರಿನ ಪೈಪು ಹಿಡಿದು ಮೇಲಿನಿಂದ ಸುರಿದ. ಹನಿ ಬಿತ್ತು! ಮುಚ್ಚಳಕ್ಕೆ ನೀರು ತಾಗುವ ಪ್ರಶ್ನೆಯೇ ಇರಲಿಲ್ಲ, ಆದರೂ ಹನಿ ಬಿತ್ತು. "ಅಪ್ಪಯ್ಯ, ಮುಚ್ಚಳದ್ದೂ ತಪ್ಪಿತ್ತು, ಆದ್ರೆ ಅದೊಂದೇ ಅಲ್ಲ" ಎಂದ. ಒಳಗೆಲ್ಲ ಒರೆಸಿ ಒಣಗಿಸಿ, ನನ್ನನ್ನು ಟಾರ್ಚಿನೊಂದಿಗೆ ಒಳಗೆ ಕೂರಿಸಿ, ಈ ಸಲ ನೀರನ್ನು ಕೆಳಗಿನಿಂದ ಆರಂಭಿಸಿದ. ಒಂದೊಂದು ಜಾಗಕ್ಕೂ ಐದು ನಿಮಿಷ. ಏನೂ ಇಲ್ಲವಾದರೆ ನಾಲ್ಕು ಬೆರಳು ಮೇಲೆ. ಮೇಲಿನಿಂದ ಆರಂಭಿಸಿದರೆ ನೀರು ಇಳಿಯುತ್ತ ಎಲ್ಲವನ್ನೂ ನೆನೆಸಿ, ಎಲ್ಲಿ ಹೊಕ್ಕಿತೆಂಬುದು ತಿಳಿಯುವುದಿಲ್ಲ. ಈ ಸಣ್ಣ ಜಾಣತನ ವಿಜ್ಞಾನದ ಮೇಷ್ಟ್ರಿಗೆ ಹೊಳೆದಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ, ಗಾಜಿನ ಚೌಕಟ್ಟು ಉಕ್ಕಿನ ಗೋಡೆಯ ಮೇಲೆ ಕೂರುವ ಸಂದಿಗೆ ನೀರು ತಲುಪಿದಾಗ, ಒಳಗೆ ಡ್ಯಾಶ್‌ಬೋರ್ಡಿನ ಹಿಂದೆ ಬೆಳ್ಳಿಯ ದಾರದಂಥ ಗೆರೆಯೊಂದು ಜಾರಿ ಬರುವುದನ್ನು ಕಂಡೆ. ಅದು ಗೋಡೆಯ ಒಳಮೈಗೆ ಅಂಟಿಕೊಂಡೇ ಒಂದು ಗೇಣು ಅಡ್ಡಕ್ಕೆ ಹರಿದು, ಗಾಳಿಕಿಂಡಿಯ ತುಟಿಯವರೆಗೆ ಬಂದು, ಅಲ್ಲಿ ತೊಟ್ಟಾಗಿ ಕೆಳಗೆ ಬಿತ್ತು.

ಬಾಯಿಯಿಲ್ಲದ ಪಾತ್ರೆಯಿಂದ ಹಾಲನ್ನು ಮೆಲ್ಲಗೆ ಬಗ್ಗಿಸಿದರೆ ಅದು ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗೆ ಅಂಟಿ ತಳದವರೆಗೆ ಓಡುವುದನ್ನು ನೀವು ಕಂಡಿದ್ದೀರಿ. ನೀರಿಗೆ ಮೈ ಹಿಡಿದು ನಡೆಯುವ ಗುಣವಿದೆ. ಚೂಪಾದ ಅಂಚು ಸಿಕ್ಕಾಗ ಮಾತ್ರ ಕೈಬಿಡುತ್ತದೆ. ಜೊತೆಗೆ ಗಾಡಿ ಓಡುವಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿ ನೀರನ್ನು ಸಂದಿಯೊಳಕ್ಕೆ ತಳ್ಳುತ್ತದೆ. ನಿಂತಾಗ ಒಣಗಿದ್ದ ಗಾಡಿ ಹೆದ್ದಾರಿಯಲ್ಲಿ ಸೋರುತ್ತಿದ್ದುದು ಅದಕ್ಕೇ. ಹೆಂಚಿನ ಮನೆಯಲ್ಲೂ ಹೀಗೆಯೇ ಅಲ್ಲವೆ? ಹೆಂಚು ಒಡೆದದ್ದು ಒಂದು ಕಡೆ; ನೀರು ಪಕಾಸಿನ ಬೆನ್ನು ಹಿಡಿದು ಬಂದು ಬೀಳುವುದು ಇನ್ನೊಂದು ಕಡೆ. ಹೆಂಚು ಕೈಯಾಡಿಸಲು ಬರುತ್ತಿದ್ದ ಆಳು ಚರಿಗೆಯ ನೇರಕ್ಕೆ ಎಂದೂ ಏಣಿ ಇಟ್ಟವನಲ್ಲ. ಬಾಲ್ಯದಿಂದ ಕಂಡದ್ದನ್ನೇ ಮರೆತಿದ್ದೆ.

ಅಂದು ಕೊಟ್ಟಿಗೆಯಂಥ ಆ ಗ್ಯಾರೇಜಿನಲ್ಲಿ ಕುಳಿತಾಗ ನನಗೆ 1999 ನೆನಪಾಯಿತು. ಎಂಟನೆಯ ತರಗತಿಯಲ್ಲಿ ಅವನೊಡನೆ ಓದಿದ ಕೆಲವರು ಇದನ್ನು ಓದುತ್ತಿರಬಹುದು, ನಿಮಗೂ ನೆನಪಿದ್ದೀತು. ಮೇಷ್ಟ್ರ ಮಗನಿಗೆ ರಿಯಾಯಿತಿಯೆಂದು ಯಾರೂ ಆಡಿಕೊಳ್ಳಬಾರದೆಂದು ಅವನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆ. ಕರಿಹಲಗೆಯಿಂದ ಲೆಕ್ಕ ಇಳಿಸಿಕೊಳ್ಳುವಾಗ ಮೂರನ್ನು ಎಂಟು ಮಾಡುತ್ತಿದ್ದ, ಒಂದನ್ನು ಏಳು ಮಾಡುತ್ತಿದ್ದ. ಗಮನವಿಲ್ಲ, ಉಡಾಫೆ ಎಂದು ತೀರ್ಮಾನಿಸಿದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ದಿನ ಕೋಪದಲ್ಲಿ ಎಸೆದ ಸೀಮೆಸುಣ್ಣದ ತುಂಡು ಅವನ ಹಣೆಗೆ ತಾಗಿತು. ತರಗತಿ ನಕ್ಕಿತು, ನಾನು ತಡೆಯಲಿಲ್ಲ. ಕೆಲವು ತಿಂಗಳ ಮೇಲೆ ಶಾಲೆಯಲ್ಲಿ ಕಣ್ಣು ತಪಾಸಣೆ ನಡೆದಾಗ, ಅವನಿಗೆ ದೂರದ ಅಕ್ಷರ ಕಾಣುವುದೇ ಇಲ್ಲವೆಂದು ತಿಳಿಯಿತು. ಏಕೆ ಹೇಳಲಿಲ್ಲವೋ ಎಂದು ಕೇಳಿದ್ದಕ್ಕೆ, "ಎಲ್ರಿಗೂ ಹಾಗೇ ಕಾಣ್ತದೆ ಅಂದ್ಕಂಡಿದ್ದೆ" ಎಂದಿದ್ದ. ತೀರ್ಥಹಳ್ಳಿಗೆ ಕರೆದೊಯ್ದು ಕನ್ನಡಕ ಕೊಡಿಸಿದೆ. ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ. ಹನಿ ಬಿದ್ದಲ್ಲಿ ಏಣಿ ಹಾಕಿದವನು ನಾನು. ಇಪ್ಪತ್ತನಾಲ್ಕು ವರ್ಷ ಏಣಿಯನ್ನು ತೆಗೆದೂ ಇರಲಿಲ್ಲ.

ಮರುದಿನ ಚೌಕಟ್ಟಿನ ಅಡಿಯ ರಬ್ಬರು ಬದಲಿಸಲು ಕೂತೆವು. ಮಾಡಿನ ಮುಂದಿನ ಬೋಲ್ಟುಗಳನ್ನೂ ಚೌಕಟ್ಟಿನ ಎರಡು ಬದಿಯ ಬೋಲ್ಟುಗಳನ್ನೂ ಸಡಿಲಿಸಿದರೆ ಚೌಕಟ್ಟು ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೂ ಒಂದು ಬೋಲ್ಟು ತುಂಡಾಯಿತು. ಕೆಳಗಿನ ಹಳೆಯ ರಬ್ಬರು ಹಪ್ಪಳದಂತೆ ಮುರಿದು ಬಂತು. ಇಪ್ಪತ್ತಾರು ವರ್ಷದ ವಸ್ತು, ಅದರದೇನೂ ತಪ್ಪಿರಲಿಲ್ಲ. ಕೆಲಸದ ನಡುವೆ, ಅವನ ಮುಖ ನೋಡದೆ, ಸೀಮೆಸುಣ್ಣದ ಮಾತೆತ್ತಿದೆ. ಅಂದು ನಾನು ಮಾಡಿದ್ದು ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದ್ನೆಲ್ಲ ಯಾವತ್ತೋ ಮರ್ತಿದೀನಿ ಅಪ್ಪಯ್ಯ. ಆ ಕಡೆ ಗಟ್ಟಿ ಹಿಡ್ಕಳಿ" ಎಂದ. ಆಮೇಲೆ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದ. ಮರೆತಿರಲಿಲ್ಲ ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಗಿರಬೇಕು.

ಗಾಡಿ ತಪಾಸಣೆಯಲ್ಲಿ ಉತ್ತೀರ್ಣವಾಯಿತು. ಎಡಬದಿಯ ನೆಲದ ತಗಡಿಗೆ ಒಂದು ತೇಪೆ ಬೆಸೆಯಬೇಕಾಯಿತು, ಅಷ್ಟೆ. ಅವನು ಅದನ್ನು ಮಾರಲಿಲ್ಲ.

ನಮ್ಮ ಕಡೆ ಹಳೆಯ ಜೀಪು ಇಟ್ಟುಕೊಂಡ ಶಿಷ್ಯರು ಕೆಲವರಿದ್ದೀರಿ. ಸೋರಿಕೆ ಕಂಡ ಕೂಡಲೇ ಸಿಲಿಕೋನ್ ಮೆತ್ತಬೇಡಿ; ಅದು ನೀರಿನ ಹೊರದಾರಿಯನ್ನು ಮುಚ್ಚಿ ಒಳಗೇ ನಿಲ್ಲಿಸುವುದೂ ಉಂಟು. ಮೊದಲು ನೆಲಹಾಸು ಎತ್ತಿ ಒಣಗಿಸಿ. ಸೀಮೆಸುಣ್ಣ, ಕಾಗದದ ಚೂರು, ಅಂಟುಪಟ್ಟಿ, ಪೈಪು ಇಷ್ಟು ಸಾಕು. ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡಿ, ಅವಸರ ಮಾಡಬೇಡಿ, ಒಳಗೊಬ್ಬರನ್ನು ಕೂರಿಸಿ. ಇನ್ನು, ಮೇಷ್ಟ್ರುಗಳಾಗಿರುವ ಶಿಷ್ಯರಿಗೆ ಬೇರೆ ಹೇಳಬೇಕಾಗಿಲ್ಲ. ನನ್ನ ತರಗತಿಯ ಬೆಂಚಿನ ಮೇಲೆ ಕಾರಣವಿಲ್ಲದೆ ನಿಂತವರು ಇನ್ನೂ ಇರಬಹುದು. ಮಗನಿಗೆ ಹೇಳಿದ ಮಾತನ್ನು ಅವರಿಗೂ ಹೇಳಬೇಕಿತ್ತು. ಇಷ್ಟು ತಡವಾದರೂ, ಇಲ್ಲಿ ಹೇಳುತ್ತಿದ್ದೇನೆ.