ಘಾಟಕೋಪರದಿಂದ ಅಂಧೇರಿಗೆ

ಈಚೆಗೆ ಧಾರವಾಡದಿಂದ ನಮ್ಮ ಭಾವನವರು ಬಂದಿದ್ದರು. ಗೇಟ್‌ವೇ, ಮಹಾಲಕ್ಷ್ಮಿ ಎಲ್ಲ ಮೊದಲೇ ನೋಡಿದವರು. “ಈ ಸಲ ನಿಮ್ಮ ಮೆಟ್ರೋ ತೋರಸ್ರಿ” ಎಂದರು. ಘಾಟಕೋಪರದಲ್ಲಿ ಹತ್ತಿದೆವು. ಗಾಡಿ ಅಂಧೇರಿ ಮುಟ್ಟುವುದರೊಳಗೆ ಅವರ ತೀರ್ಮಾನ ಮುಗಿದಿತ್ತು: “ನಮ್ಮೂರಿಗೂ ಇದ ಬೇಕ ನೋಡ್ರಿ!”

ನನಗೆ ನಗು ಬಂದಿತು. ಆದರೆ ಮಾತು ನಗುವಂಥದಲ್ಲ. ಬೆಳೆಯುವ ಊರಿಗೆ ಯಾವ ವಾಹನ ತಕ್ಕದ್ದೆಂಬುದನ್ನು ನಾನು ಇದೇ ದಾರಿಯಲ್ಲಿ ಹನ್ನೊಂದು ವರ್ಷ ಸವೆಸಿ ಕಲಿತಿದ್ದೇನೆ.

1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮುಂದೆ ಮುಂಬಯಿಯೇ ರೈಲಿನ ಬೆನ್ನು ಹತ್ತಿ ಉತ್ತರಕ್ಕೆ ಬೆಳೆಯಿತು. ಅಂಧೇರಿ ಪಶ್ಚಿಮದ ರೈಲುದಾರಿಯಲ್ಲಿ, ಘಾಟಕೋಪರ ಮಧ್ಯದ ದಾರಿಯಲ್ಲಿ. ನಡುವೆ ಅಡ್ಡಹಾಯಲು ರೈಲಿರಲಿಲ್ಲ. ದಾದರಿಗೆ ಹೋಗಿ, ಸೇತುವೆ ಹತ್ತಿಳಿದು, ಗಾಡಿ ಬದಲಿಸಿ ಮತ್ತೆ ಉತ್ತರಕ್ಕೆ ಬರಬೇಕು; ಇಲ್ಲವೆ ಬಸ್ಸಿನಲ್ಲಿ ಕುಳಿತು ಮುಂದಿನ ವಾಹನಗಳನ್ನು ಎಣಿಸಬೇಕು. ನಾನು ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದಳು. ಭಾನುವಾರ ನನ್ನನ್ನು ನೆಂಟರನ್ನು ನೋಡುವಂತೆ ನೋಡುತ್ತಿದ್ದಳು.

2014ರ ಜೂನ್ 8ರಂದು ವರ್ಸೋವಾ–ಅಂಧೇರಿ–ಘಾಟಕೋಪರ ಮೆಟ್ರೋ ಆರಂಭವಾಯಿತು. ಉದ್ದ 11.4 ಕಿಲೋಮೀಟರು, ನಿಲ್ದಾಣಗಳು 12. ಇಷ್ಟು ಚಿಕ್ಕದಾದರೂ ತುಂಬಿ ಓಡಿತು. ಎರಡು ರೈಲುದಾರಿಗಳನ್ನು ಅದು ಕೂಡಿಸಿತ್ತು. ಅದೇ ವರ್ಷದ ಫೆಬ್ರುವರಿಯಲ್ಲಿ ವಡಾಳಾ–ಚೆಂಬೂರು ಮೋನೋರೈಲೂ ಬಂದಿತ್ತು. ಕಂಬಗಳ ಮೇಲೆ ಬಳುಕುತ್ತ ಹೋಗುವ ಆ ಗಾಡಿ ನೋಡಲು ಬಲು ಚೆಂದ. 2019ರಲ್ಲಿ ಜೇಕಬ್ ವೃತ್ತದವರೆಗೂ ಬೆಳೆಸಿದರು. ಆದರೆ ಗಾಡಿಗಳು ಕೆಲವೇ, ಡಬ್ಬಿಗಳು ನಾಲ್ಕೇ, ದೊಡ್ಡ ರೈಲು ನಿಲ್ದಾಣಗಳೊಡನೆ ಸರಿಯಾದ ಕೂಡಿಕೆಯಿಲ್ಲ. ನಷ್ಟದಲ್ಲೇ ಓಡಿ, 2025ರ ಸೆಪ್ಟೆಂಬರಿನಲ್ಲಿ ದುರಸ್ತಿಗೆಂದು ನಿಂತಿತು.

“ಹಂಗಾರ ನಮ್ಮ ಚಿಗರಿ?” ಎಂದರು ಭಾವನವರು. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿಲೋಮೀಟರು ತನ್ನದೇ ಪಥದಲ್ಲಿ ಓಡುವ ಆ ಬಸ್ಸು 2018ರಲ್ಲಿ ಬಂದದ್ದು.

“ದಾರಿ ಒಂದೇ, ಊರು ಎರಡು. ಅಲ್ಲಿಯ ಜನರನ್ನು ಬಸ್ಸೇ ಸಾಗಿಸುವುದಾದರೆ ಮೆಟ್ರೋ ಏಕೆ? ಇನ್ನಷ್ಟು ಬಸ್ಸು ಬಿಡಲಿ, ಇಳಿದವರನ್ನು ಓಣಿಯವರೆಗೆ ಮುಟ್ಟಿಸುವ ಸಣ್ಣ ಬಸ್ಸೂ ಬಿಡಲಿ” ಎಂದೆ. ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಇಳಿದ ಮೇಲೆ ಮನೆಗೆ ಎಷ್ಟು ನಡಿಗೆ – ಈ ಮೂರನ್ನು ಕೇಳಿದ ಮೇಲೆ ವಾಹನವನ್ನು ಆರಿಸಬೇಕು. ಚೆಂದ ನೋಡಿ ಆರಿಸಬಾರದು.

ಭಾವನವರು ಒಪ್ಪಿದರೋ ಇಲ್ಲವೋ, ಸುಮ್ಮನಾದರು.

ಮಗಳಿಗೆ ಈಗ ಅಂಧೇರಿಯಲ್ಲೇ ಕೆಲಸ. ನಾವು ಮನೆಗೆ ಮರಳಿ ಕೈಕಾಲು ತೊಳೆಯುತ್ತಿದ್ದಾಗಲೇ ಅವಳೂ ಬಂದಳು. ದೇವರ ಮುಂದೆ ದೀಪ ಹಚ್ಚಿ, “ಮಾಮಾ, ಚಹಾ ಮಾಡಲೇ?” ಎಂದು ಕೇಳಿದಳು. ಗಡಿಯಾರ ನೋಡಿದೆ. ಇನ್ನೂ ಏಳಾಗಿರಲಿಲ್ಲ.