ಎರರ್ ಬಾರದಿದ್ದರೆ ಉತ್ತರ ಸರಿಯೇ?

ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು, "ಮೇಡಂ, ಎರರ್ ಬರ್ತಾ ಉಂಟು!" ಪ್ರಥಮ ಪಿಯುಸಿಯ ಹೊಸತರಲ್ಲಿ ಪರದೆಯ ಮೇಲೆ ಹತ್ತು ಎರರ್ ಒಟ್ಟಿಗೆ ಕಂಡರೆ ಸಾಕು, ಕೆಲವರು ಗಾಬರಿಯಿಂದ ಇಡೀ ಪ್ರೋಗ್ರಾಂ ಅಳಿಸಿಬಿಡುತ್ತಿದ್ದರು. ಆಗೆಲ್ಲ ಮೇಡಂ ಹೇಳುತ್ತಿದ್ದುದು ಒಂದೇ ಮಾತು: "ಮೊದಲನೇ ಎರರ್ ಓದಿ. ಅದೊಂದನ್ನೇ ಸರಿ ಮಾಡಿ, ಮತ್ತೆ ಕಂಪೈಲ್ ಮಾಡಿ." ಒಂದು ಬ್ರಾಕೆಟ್ ಮುಚ್ಚಿದರೆ ಹತ್ತರಲ್ಲಿ ಎಂಟು ಎರರ್ ತಾವಾಗಿಯೇ ಮಾಯವಾಗುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಇನ್ನೊಂದು ವಿಷಯ. ಸಿ ಪ್ಲಸ್ ಪ್ಲಸ್‌ನಲ್ಲಿ 7ನೇ ಸಾಲಿನ ಕೊನೆಗೆ ಸೆಮಿಕೋಲನ್ ಬಿಟ್ಟುಹೋದರೆ ಟರ್ಬೊ ಕಂಪೈಲರ್ 8ನೇ ಸಾಲನ್ನು ತೋರಿಸುತ್ತದೆ. ಮುಂದಿನ ಸಾಲಿಗೆ ಬಂದಾಗಲೇ ವಾಕ್ಯ ಮುಗಿದಿಲ್ಲವೆಂದು ಅದಕ್ಕೆ ತಿಳಿಯುವುದು. ಆದ್ದರಿಂದ ತೋರಿಸಿದ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಅದರ ಮೇಲಿನ ಸಾಲನ್ನು ನೋಡಬೇಕು.

ಆದರೆ ಕಂಪೈಲರ್ ನೋಡುವುದು ಭಾಷೆಯ ನಿಯಮವನ್ನು ಮಾತ್ರ. ಟರ್ಬೊದಲ್ಲಿ ಇಂಟ್ ಎಂಬ ಪೆಟ್ಟಿಗೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಎರಡು ಇಂಟ್‌ಗಳಲ್ಲಿ 200 ಇಟ್ಟು ಗುಣಿಸಿ, ಉತ್ತರವನ್ನು ಮೂರನೆಯ ಇಂಟ್‌ನಲ್ಲಿ ಇಡಿ. 40000 ಬರಬೇಕಾದಲ್ಲಿ -25536 ಬರುತ್ತದೆ! ಒಂದೇ ಒಂದು ಎರರ್ ಇಲ್ಲ.

ಎಸ್‌ಕ್ಯೂಎಲ್ ಪ್ರಾಕ್ಟಿಕಲ್‌ನಲ್ಲಿ ಈ ಮಾತು ಇನ್ನೂ ಚೆನ್ನಾಗಿ ಮನದಟ್ಟಾಯಿತು. ಅಲ್ಲಿಯೂ ಕೆಲವು ತಪ್ಪುಗಳಿಗೆ ಎರರ್ ಬರುತ್ತದೆ. ವೇರ್ ಒಂದೊಂದೇ ಸಾಲನ್ನು ನೋಡುವುದರಿಂದ ಅದರೊಳಗೆ ಕೌಂಟ್ ಬರೆದರೆ ಡೇಟಾಬೇಸ್ ಒಪ್ಪುವುದಿಲ್ಲ. ಗುಂಪಿನ ಲೆಕ್ಕಕ್ಕೆ ಹ್ಯಾವಿಂಗ್ ಬೇಕು. ಅದು ಸುಲಭ, ಎರರೇ ದಾರಿ ತೋರಿಸುತ್ತದೆ.

ಒಂದು ದಿನ ಮೇಡಂ 40 ವಿದ್ಯಾರ್ಥಿಗಳ ಒಂದು ಟೇಬಲ್ ಕೊಟ್ಟರು. ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ ಇರುವವರು ಎಷ್ಟು ಮಂದಿ? 14. ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು? 21. ಎಲ್ಲರ ಉತ್ತರವೂ ಒಂದೇ, ಎಲ್ಲರಿಗೂ ಖುಷಿ. ಮೇಡಂ ಕೇಳಿದರು, "ಉಳಿದ ಐದು ಮಕ್ಕಳು ಎಲ್ಲಿ ಹೋದರು?"

ಆ ಐವರ ಆದಾಯದ ಕಾಲಂ ಖಾಲಿ ಇತ್ತು, ಅಂದರೆ ನಲ್. ನಲ್ ಎಂದರೆ ಸೊನ್ನೆಯಲ್ಲ, 'ಗೊತ್ತಿಲ್ಲ' ಎಂದರ್ಥ. ಗೊತ್ತಿಲ್ಲದ್ದು ಲಕ್ಷಕ್ಕಿಂತ ಕಡಿಮೆಯೇ ಎಂದು ಕೇಳಿದರೆ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಹೌದು ಎಂದು ಖಚಿತವಾದ ಸಾಲನ್ನು ಮಾತ್ರ ಕೊಡುತ್ತದೆ. ಅವರನ್ನು ಹುಡುಕಲು 'ಈಕ್ವಲ್ ಟು ನಲ್' ಎಂದು ಬರೆದರೂ ಒಬ್ಬರೂ ಸಿಗುವುದಿಲ್ಲ. 'ಈಸ್ ನಲ್' ಎಂದೇ ಕೇಳಬೇಕು.

ನನಗೆ ತಕ್ಷಣ ನೆನಪಾದದ್ದು ಅಕ್ಕ. ಕಳೆದ ವರ್ಷ ಅವಳ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರ ಕೈಸೇರಲು ಎರಡು ವಾರ ಹಿಡಿದಿತ್ತು. ಅಷ್ಟೂ ದಿನ ಅವಳ ಅರ್ಜಿಯಲ್ಲಿ ಆ ಜಾಗ ಖಾಲಿ. ಆ ನಡುವೆ ಯಾರಾದರೂ ಇಂಥ ಕ್ವೆರಿ ಹಾಕಿ ಪಟ್ಟಿ ತೆಗೆದಿದ್ದರೆ? ಅರ್ಹರ ಪಟ್ಟಿಯಲ್ಲಿ ಅವಳ ಹೆಸರು ಇರುತ್ತಿರಲಿಲ್ಲ, ಅನರ್ಹರ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಹೀಗಾಗಿ, 'ಯಾಕೆ ಬಿಟ್ಟಿರಿ' ಎಂದು ಕೇಳುವವರೂ ಇರುತ್ತಿರಲಿಲ್ಲ. ದಾಖಲೆ ತರಲು ಹೆಚ್ಚು ಕಷ್ಟಪಡುವ ಮನೆಗಳ ಮಕ್ಕಳೇ ಹೀಗೆ ಸದ್ದಿಲ್ಲದೆ ಜಾರಿಹೋಗುವುದು.

ನಮ್ಮಲ್ಲಿ ಹಲವರು ನಾಳೆ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಶಾಲೆಯ ಆಫೀಸಿನಲ್ಲೋ ಇಂಥ ಪಟ್ಟಿಗಳನ್ನು ತೆಗೆಯುವವರೇ. ಅದಕ್ಕೇ ನಾವು ಕೆಲವು ಗೆಳತಿಯರು ಒಂದು ರೂಢಿ ಮಾಡಿಕೊಂಡಿದ್ದೇವೆ. ಕ್ವೆರಿ ಹಾಕುವ ಮೊದಲು ಟೇಬಲ್‌ನಲ್ಲಿ ಒಟ್ಟು ಎಷ್ಟು ಸಾಲಿದೆ ಎಂದು ಎಣಿಸುವುದು, ಉತ್ತರ ಬಂದ ಮೇಲೆ ಒಳಗೆ ಬಂದವರನ್ನೂ ಹೊರಗೆ ಉಳಿದವರನ್ನೂ ಕೂಡಿಸಿ ನೋಡುವುದು. ಲೆಕ್ಕ ತಾಳೆಯಾಗದಿದ್ದರೆ ರೆಕಾರ್ಡ್ ಪುಸ್ತಕ ಮುಚ್ಚುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೆ ಬೇರೆ ಅಂಕವೇನೂ ಇಲ್ಲ. ಹಿಡಿಯುವುದು ಒಂದು ನಿಮಿಷ, ನೀವೂ ಮಾಡಿ ನೋಡಿ.